ನಡು ಚೀಲ

ಗಂಜಿನ್ಯಾಗ ನಮ್ಮಪ್ಪ ತೊಗರಿ ನೋಡ್ತಿದ್ದ.
ಚೀಲದ ಬಾಯಿ ಬಿಚ್ಚಿ ತೋರಿಸಿದ್ರ
ಆ ಕಡಿ ಮುಖಾನೇ ಮಾಡ್ತಿದ್ದಿಲ್ಲ.
ಸೊಂಟದಾಗಿನ ಪರಖಿ ತಗದು
ಚೀಲದ ಹೊಟ್ಟಿಗಿ ಸರ್ರನ ತಿವಿದು
ಅಂಗೈಗಿ ಸುರಕೊಂಡ ನಾಕು ಕಾಳು
ಹಲ್ಲಿಲೆ ಕಡದು
"ಹಸಿ ಅದ" ಅಂತಿದ್ದ,
ಇಲ್ಲಾ ಸುಮ್ನ ಮುಂದಿನ ಚೀಲಕ್ಕ ಹೋಗ್ತಿದ್ದ.

ಇವತ್ತ ನಾ ನೋಡ್ಲತ್ತಿದ್ದು ಕಂಪ್ಯೂಟರಿನ ಪವರ್ ಸಪ್ಲೈ.
ಮೊನ್ನಿ ರಾತ್ರಿ ಕರೆಂಟ್ ಹೋಗಿ, ಬಂದು, ಹೋಗಿ,
ನಾಕನೇ ಸಲ ಬಂದಾಗ ಡಬ್ಬಿಯೊಳಗ ಟಪ್ ಅಂತು.
ಸುಟ್ಟ ಉಳ್ಳಾಗಡ್ಡಿ ವಾಸನಿ.
ಅರ್ಧ ತುಂಬಿದ ಸ್ಕಾಲರ್‌ಶಿಪ್ ಅರ್ಜಿ ಮಾಯ.
ಅರ್ಜಿ ಹುಡುಗಿ ನನ್ನ ಮುಖ ನೋಡಿದ್ಳು, ನಾ ಅಕಿ ಮುಖ.
ಜಲೀಲ್ ಮಾಮಾ ಬಂದು ಮೂಗಿಲೇ ನೋಡಿ ಹೇಳ್ದ:
"ಇದು ಖತಮ್ ಬೇಟಾ. ನಾ ತರಿಸಿದ್ರ ಎಂಟ್ ದಿನ,
ನೀನೇ ಮೊಬೈಲ್‌ನ್ಯಾಗ ತರಿಸು.
ಸ್ಟಾರ್ ನೋಡಿ ಮಾತ್ರ ತರಿಸಬ್ಯಾಡ,
ಸ್ಟಾರ್ ಆಸಮಾನದಾಗೇ ಛಲೋ."

ಒಂದು ಡಬ್ಬಿ ಬಗ್ಗೆ ಎರಡ್ ಸಾವಿರದ ನಾಕನೂರು ಮಂದಿ ಮಾತಾಡ್ಯಾರ.
ಮ್ಯಾಲಿನವ್ರೆಲ್ಲ ಒಂದೇ ತಾಯಿ ಹೊಟ್ಟ್ಯಾಗ ಹುಟ್ಟಿದ್ಹಂಗ:
'ಮಸ್ತ್ ಪ್ರಾಡಕ್ಟ್', 'ಮಸ್ತ್ ಪ್ರಾಡಕ್ಟ್ ಅಣ್ಣ',
ಒಂದೇ ದಿನ ಹನ್ನೊಂದು ಮಂದಿ.
ಫೋಟೊದಾಗ ಪ್ಲಗ್ಗಿನ ಟೋಪಿ ಇನ್ನಾ ಬಿಚ್ಚಿಲ್ಲ.
ಅಡಗಿ ಹೆಂಗಿತ್ತಂತ
ಬೀಗರ ಮುಂದ ನಿಂತು ಕೇಳ್ದಂಗ.

ತಳದಾಗ ಒಂದು ಸ್ಟಾರಿನವ್ರು.
ಒಬ್ಬಗ ಡಬ್ಬಿ ತಡಾ ಬಂತಂತ ಸಿಟ್ಟು,
ಒಬ್ಬಗ ಬಣ್ಣ ಕರಿ ಅಲ್ಲ, ಬೂದಿ.
ಒಬ್ಬಾಂವ ಚಾರ್ಜರ್ ಅಂತ ತಿಳದು ತರಿಸಿ ಬೈದಾನ.
ಊಟಿಯವ್ರೊಬ್ರು ಐದು ಕೊಟ್ಟು ಬರದಾರ,
ಫ್ಯಾನಿನ ಸಪ್ಪಳಾನೇ ಇಲ್ಲಂತ.
ಊಟ್ಯಾಗ ಅದು ಯಾತಕ್ಕ ತಿರಗತದ್ರೀ?
ಇಲ್ಲಿ ಬ್ಯಾಸಗ್ಯಾಗ ಅಂಗಳದ ಶಹಾಬಾದಿ ಕಲ್ಲಿನ ಮ್ಯಾಲ
ಬೆಕ್ಕು ಸೈತ ಜಿಗದು ಜಿಗದು ದಾಟ್ತದ.

ನಡು ಚೀಲಕ್ಕ ಕೈ ಹಾಕ್ದೆ. ಮೂರು ಸ್ಟಾರು.
ಅಲ್ಲಿ ಮಂದಿ ಕಡಿಮಿ.
ಹಯ್ಯಾಳಪ್ಪ, ಸುರಪುರ:
'ಮೊದಲ್ನೇ ಪೀಸು ಹತ್ತೊಂಬತ್ತು ದಿನ ನಡೀತು.
ಜಗಳ ಮಾಡಿದ ಮ್ಯಾಲ ವಾಪಸ್ ತಗೊಂಡ್ರು.
ಎರಡ್ನೇದು ಎರಡು ಬ್ಯಾಸಗಿ ಕಂಡದ.
ಮಧ್ಯಾಹ್ನ ಒದರ್ತದ. ವೈರ್ ಗಿಡ್ಡ.
ಸ್ಟೆಬಿಲೈಸರ್ ಇಲ್ದೇ ಹಚ್ಚಬ್ಯಾಡ್ರಿ.'

ಹತ್ತೊಂಬತ್ತು.
ಸುಳ್ಳು ಹೇಳಾಂವ ಇಪ್ಪತ್ತು ಅಂತಿದ್ದ.
ಹಲ್ಲಿಗಿ ಕಟ್ ಅಂತು ಕಾಳು.
ಆರ್ಡರ್ ಒತ್ತಿದೆ.

ಇಷ್ಟು ಶಾಣ್ಯಾತನ ಎಲ್ಲಿಂದ ಬಂತಂತ ಕೇಳಬ್ಯಾಡ್ರಿ.
ಕೇಳಿದ್ರ ಹೇಳ್ತಿನಿ:
ಹೋದ ವರ್ಷ ಕೀಬೋರ್ಡ್ ಡಬ್ಬಿಯೊಳಗ ಒಂದು ಚೀಟಿ ಇತ್ತು.
ಐದು ಸ್ಟಾರ್ ಒತ್ತಿ ಫೋಟೊ ಕಳಿಸಿದ್ರ ನೂರು ರೂಪಾಯಿ.
ಒತ್ತಿದೆ. 'ಮಸ್ತ್ ಪ್ರಾಡಕ್ಟ್' ಅಂತ ನಾನೂ ಬರದೆ,
ವೈರ್ ಇನ್ನಾ ಚುಚ್ಚಿದ್ದಿಲ್ಲ.
ಆ ರೊಕ್ಕದಾಗ ದುಖಾನದ ಮುಂದ ಕುಂತು
ಮಿರ್ಚಿ ಭಜಿ ತಿಂದ್ವಿ, ನಾನೂ, ಅರ್ಜಿ ತುಂಬಲಿಕ್ಕ ಬಂದ ಹುಡುಗ್ರೂ.
ಒಂದೂವರಿ ತಿಂಗಳಿಗಿ 'ರ' ಬೀಳೋ ಕೀಲಿ ಸತ್ತಿತು.
ಎಷ್ಟು ಅರ್ಜ್ಯಾಗ ನಮ್ಮೂರು 'ಕಲಬುಗಿ' ಆಗಿ
ಬೆಂಗಳೂರಿಗಿ ಹೋಗ್ಯದೋ!
ಈಗ 'ರ' ಬೇಕಾದಾಗೆಲ್ಲ
ಹಳೇ ಅರ್ಜ್ಯಾಗಿಂದ ಕಾಪಿ ಮಾಡಿ ಹಚ್ತಿನಿ.
ನನ್ನ ಐದು ಸ್ಟಾರು ಮಾತ್ರ ಅಲ್ಲೇ ಮಿಂಚ್ಲತ್ತಾವ,
ಕೆಳಗ ಬರದದ,
ಮೂವತ್ತೊಂದು ಜನರಿಗೆ ಇದು ಸಹಾಯಕವಾಯಿತು.

ಡಬ್ಬಿ ಶುಕ್ರವಾರ ಬಂತು. ವೈರ್ ಗಿಡ್ಡೇ ಇತ್ತು.
ಜಲೀಲ್ ಮಾಮಾ ಎಳದು, ಜಗ್ಗಿ, ಉರ್ದುದಾಗ ಬೈದು ಕೂಡಿಸ್ದ.
ಮಧ್ಯಾಹ್ನ ಎರಡಕ್ಕ ಫ್ಯಾನ್ ಒದರ್ಲತ್ತು.
"ಏನಿದು, ಹೊಸದು ಒದರ್ಲತ್ತದ?" ಅಂದ ಮಾಮಾ.
ನಂಗ ನಗಿ ತಡೀಲಿಲ್ಲ.
ಎಂದೂ ನೋಡದ ಹಯ್ಯಾಳಪ್ಪ
ಸುರಪುರದಿಂದ ಬಂದು ಬಾಜೂಕ ಕುಂತಂಗ ಆಯ್ತು.

ಸಂಜಿಗಿ ಅರ್ಜಿ ಹುಡುಗಿ ಹೋದ ಮ್ಯಾಲ
ಕೀಬೋರ್ಡಿನ ಪುಟ ತಗದೆ, ನಂದೇ ಹಳೇ ಮಾತು ಅಳಿಸ್ದೆ,
ಅದೇ ಕೀಬೋರ್ಡಿಲೆ ಹೊಸದು ಕುಟ್ಟಿದೆ.
'ರ' ಹಚ್ಚಲಿಕ್ಕ ಹೋಗಲಿಲ್ಲ.

'ಖೆ ಹೇಳ್ತಿನಿ, ಇದು ತಿಸಬ್ಯಾಡಿ.'