ಒತ್ತಿನ ಕಾಲು

ಕೌಲ್ ಬಜಾರಿನಲ್ಲಿ ಮಹಡಿ ಮೇಲೆ ನನ್ನ ಕೋಣೆ.
ಕೆಳಗೆ ಇಪ್ಪತ್ತೆರಡು ಹೊಲಿಗೆ ಯಂತ್ರ.
ಅವು ಓಡಿದರೆ ನನ್ನ ಚಹಾದ ಲೋಟದಲ್ಲಿ
ಬಳೆ ಮೇಲೆ ಬಳೆ ಏಳುತ್ತವೆ.

ಹನ್ನೊಂದಕ್ಕೆ ರಾಯಚೂರಿನ ಪಂಪಣ್ಣನ ಫೋನು:
"ಏನವ್ವ ಶಾಹಿದಾ, ನಿಮ್ಮ ವೆಬ್‌ಸೈಟಿನಾಗ
ಬಳ್ಳಾರಿ ಕಾಲು ಮುರಿದದ ನೋಡು."
ಫೋಟೋನೂ ಕಳಿಸಿದ.
ನಿಜ. ಳಕಾರದ ಕೆಳಗಿನ ಳ
ಮೊಣಕಾಲಿಗೇ ಕತ್ತರಿಸಿ ಹೋಗಿತ್ತು.

ನನ್ನ ಕ್ರೋಮಿನಲ್ಲಿ ನೆಟ್ಟಗಿದೆ.
ಫೈರ್‌ಫಾಕ್ಸಿನಲ್ಲಿ ನೆಟ್ಟಗಿದೆ.
ತಮ್ಮನ ಫೋನು ಕಸಿದು ನೋಡಿದೆ, ಅಲ್ಲೂ.
ಪಂಪಣ್ಣನ ಗಲ್ಲಾದ ಪಕ್ಕ ಮಾತ್ರ
ಅಳಿಯ ಬಿಟ್ಟುಹೋದ ಹಳೇ ಕಂಪ್ಯೂಟರು,
ಅದರಲ್ಲಿ ಆ ನೀಲಿ ಇ.
ಅದನ್ನು ಮಾಡಿದವರೇ ಅದನ್ನು ಮರೆತರು.
ಪಂಪಣ್ಣ ಮರೆಯಲಿಲ್ಲ;
ತಿಂಗಳಿಗೆ ಮುನ್ನೂರು ಪ್ಯಾಂಟು ತರಿಸುತ್ತಾನೆ.

ಸಾಲಿನ ಎತ್ತರ ಒಂದು ಅಂತ ಬರೆದದ್ದು ನಾನೇ.
ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು,
ನೆಲದ ಮೇಲೆ ನಿಂತು ಹೋಗುತ್ತವೆ.
ನಮ್ಮವು ನೆಲಮಾಳಿಗೆಯಲ್ಲೂ ಸಂಸಾರ ಹೂಡಿದವು.
ಹೋದ ವರ್ಷ ಚೆಂದಕ್ಕೆಂದು
ಅಕ್ಷರಗಳ ನಡುವೆ ಸ್ವಲ್ಪ ಗಾಳಿ ಬಿಟ್ಟಿದ್ದೆ,
ಯಾವುದೋ ಬ್ರೌಸರು ಕೊಪ್ಪಳವನ್ನು
ಕೊಪ್ ಒಂದು ಕಡೆ, ಪಳ ಒಂದು ಕಡೆ
ಪಾಲು ಮಾಡಿ ಕೂತಿತ್ತು.

ಎತ್ತರ ಹೆಚ್ಚಿಸಿದೆ: ಮೆನು ಜಾರಿ ಫೋಟೋದ ಸೊಂಟಕ್ಕೆ ಬಂತು.
ಪೆಟ್ಟಿಗೆ ಬಿಚ್ಚಿದೆ: ಬಟನ್ನುಗಳೆಲ್ಲ ಗೋಡೆ ಹಾರಿದವು.
ಹುಡುಕುತ್ತ ಹೋದರೆ ನನ್ನದೇ ಕೋಡಿನಲ್ಲಿ
ಮೂರು ವರ್ಷದ ಹಿಂದಿನ ನನ್ನದೇ ಚೀಟಿ:
"ಈ ಸಾಲು ತೆಗೀಬೇಡ. ಯಾಕಂತ ಆಮೇಲೆ ಬರೀತೀನಿ."
ಬರೆದಿಲ್ಲ.
ತೆಗೆದೆ. ಇಡೀ ಪುಟ ಎಡಕ್ಕೆ ವಾಲಿತು.
ಸಲಾಂ ಹೇಳಿ ವಾಪಸ್ ಇಟ್ಟೆ.

ನಾಲ್ಕಕ್ಕೆ ಕರೆಂಟು ಹೋಯಿತು.
ಯಂತ್ರಗಳು ಒಮ್ಮೆಲೇ ಸುಮ್ಮನಾದಾಗ ಕಿವಿ ಗುಂಯ್ ಎನ್ನುತ್ತದೆ.
ಕೆಳಗಿಳಿದರೆ ಗಾದಿಲಿಂಗಪ್ಪ ಮಾಸ್ತರು
ಬಾಗಿಲ ಬೆಳಕಿಗೆ ಬಟ್ಟೆ ಹಾಸಿ ಸೀಮೆಸುಣ್ಣ ಎಳೆಯುತ್ತಿದ್ದರು.
ಎಳೆದ ಗೆರೆ ಸೊಟ್ಟ.

"ಮಾಸ್ತರ್, ಕಾಲು ಓರೆ ಆತಲ್ಲ?"
"ಆಗ್ಲಿ ಬಿಡು. ಈ ಡೆನಿಮ್ಮು ಒಂದ್ ಕಡೀಗೆ ಎಳೀತೈತೆ.
ನೆಟ್ಟಗ ಕೊಯ್ದ್ರೆ ವಾಷಿಂಗಿನಾಗೆ ತಿರುಗಿ
ಹೊಲಿಗಿ ಮೊಣಕಾಲ ಮುಂದಕ್ಕೆ ಬರ್ತೈತೆ.
ಅದು ಎತ್ತ ಎಳೀತೈತೋ ಅದರ ಎದುರಿಗೆ
ನಾನೇ ಮೊದ್ಲು ಓರೆ ಕೊಯ್ತೀನಿ."
"ಎಷ್ಟು ಓರೆ?"
"ಥಾನಿಗೊಂದು. ಮಿಲ್ಲಿನೋರು ಹೇಳಂಗಿಲ್ಲ.
ಒಂದು ಹೊಲ್ದು, ತೊಳ್ಸಿ, ಬೈಕೊಂಡು, ಆಮ್ಯಾಲೆ ಉಳಿದದ್ದು."

ಕರೆಂಟು ಬಂತು. ಮೇಲೆ ಹತ್ತಿದೆ.
ಆ ನೀಲಿ ಇ ಒಂದಕ್ಕೇ ತಿಳಿಯುವ,
ಉಳಿದವು ಅರ್ಥವಾಗದೆ ದಾಟಿಹೋಗುವ
ಒಂದು ಪಿಸುಮಾತಿನ ಸಾಲು ಬರೆದೆ:
ಒಳಗೆ ಕೆಳಕ್ಕೆ ನಾಲ್ಕು ಪಿಕ್ಸೆಲ್ ಜಾಗ,
ಹೊರಗೆ ಅದೇ ನಾಲ್ಕು ವಾಪಸ್ ವಸೂಲಿ.
ಲೆಕ್ಕದ ಪ್ರಕಾರ ಏನೂ ಆಗಲಿಲ್ಲ.
ಪಕ್ಕದಲ್ಲಿ ಚೀಟಿ ಇಟ್ಟೆ, ಈ ಸಲ ಕಾರಣ ಸಹಿತ:
"ರಾಯಚೂರಿನ ಒಂದು ಗಲ್ಲಾಕ್ಕಾಗಿ."

ಏಳು ಗಂಟೆಗೆ ಮತ್ತೆ ಫೋನು.
"ಕಾಲು ಬಂತವ್ವ! ಎರಡನೇ ಳ ಪೂರಾ ನಿಂತದ.
ಮೂವತ್ನಾಕರ ಸೈಜು ಎರಡು ಡಜನ್ ಹಾಕು.
ಆದ್ರ ನೀಲಿ ಯಾಕ ಹಿಂಗ ಮಾಸಿದಂಗ ಕಾಣ್ತದ?"

ಕೋಡು ತೆರೆದೆ. ಬಣ್ಣದ ಸಂಖ್ಯೆ ಎರಡು ಸಲ ಓದಿದೆ.
ಆಮೇಲೆ ಕೇಳಿದೆ,
"ಪಂಪಣ್ಣ, ಮಾನಿಟರ್ ಒರೆಸಿ ಎಷ್ಟು ದಿನ ಆತು?"

ಆ ಕಡೆ ಟವಲು ಕೊಡವಿದ ಸದ್ದು.
ಗಾಜಿನ ಮೇಲೆ ಕಿರ್ರೆಂದು ಎರಡು ಸುತ್ತು.

"ಹಾಂ," ಅಂದ.