ನಾಲ್ಕು ಬೆರಳು ಜಾಗ

ಏಪ್ರಿಲ್ ಇಪ್ಪತ್ತೊಂದು. ನಾನಾ ಪೇಠೆಯ ಓಣಿಯಲ್ಲಿ
ನೆರಳೂ ಅಂಗಡಿಗಳ ಒಳಕ್ಕೆ ಹೋಗಿ ಕೂತಿದೆ.
ನನ್ನ ಕೈಲಿ ಟೇಪು, ಚೀಟಿಯ ಮೇಲೆ ಮೂರು ಲೆಕ್ಕ:
ಅಗಲ, ಎತ್ತರ,
ಮತ್ತೆ ಗ್ರಿಲ್ಲಿಗೂ ಫ್ಯಾನಿಗೂ ನಡುವೆ ಉಳಿದದ್ದು
ನಾಲ್ಕು ಬೆರಳು. ನನ್ನ ಬೆರಳಲ್ಲ, ಗುರುಪಾದನವು.

ಪದ್ಮಿನಿಯೊಳಗೆ ಎಸ್ಟೀಮಿನ ಎಂಜಿನ್ ಕೂಡಿಸಿದವನು ಅವನೇ,
ಭೋಸರಿಯ ಶೆಡ್ಡಿನಲ್ಲಿ, ಹೋದ ಗಣಪತಿಯಿಂದ ಈ ಯುಗಾದಿವರೆಗೆ.
ಹೃದಯ ಬದಲಿಸಿದ ಹಾಗೆ ಅಲ್ಲವಾ ಅಂತಾರೆ ಕಾಲೇಜಿನಲ್ಲಿ.
ಹೃದಯ ಅಲ್ಲ. ಮನೆಅಳಿಯ.
ಹಳೇ ಮಣೆಯ ಮೇಲೆ ಕೂತ, ಎರಡರಷ್ಟು ಉಂಡ,
ಈಗ ಉಶ್ಶೆನ್ನುತ್ತ ಬೀಸಣಿಗೆ ಕೇಳುತ್ತಿದ್ದಾನೆ.

ಹಳೆಯ ರೇಡಿಯೇಟರ್, ಪಾಪ, ಕೈಲಾದಷ್ಟು ಮಾಡಿತು.
ಕಾತ್ರಜ್ ಘಾಟಿನ ಮೂರನೇ ತಿರುವಿನಲ್ಲಿ
ಮುಳ್ಳು ಕೆಂಪಿಗೆ ಹೋಗಿ ಮಲಗಿತು.
ಬಾನೆಟ್ಟಿನಿಂದ ಎದ್ದ ಹಬೆ ನೋಡಿ
ಕಲ್ಲಂಗಡಿ ಮಾರುವವ ಛತ್ರಿ ತಂದು ಹಿಡಿದ,
ನನಗೋ ಕಾರಿಗೋ ಅವನಿಗೂ ಗೊತ್ತಿರಲಿಲ್ಲ.

ಭೌತಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ
ಥರ್ಮಾಮೀಟರ್ ಎಣಿಸಿ ಕೊಟ್ಟು, ಎಣಿಸಿ ತೆಗೆದುಕೊಂಡವಳು ನಾನು.
ಶಾಖ ಬಿಸಿಯಿಂದ ತಂಪಿನ ಕಡೆ ಹರಿಯುತ್ತದೆ:
ಪ್ರತಿ ಜೂನಿನಲ್ಲೂ ಬೋರ್ಡಿನ ಮೇಲೆ ಅದೇ ಸಾಲು.
ಹೊರಗೇ ನಲವತ್ತೊಂದು ಇದ್ದರೆ
ಪಾಪದ್ದು, ಎಷ್ಟು ಅವಸರದಿಂದ ಹರಿದೀತು ಅಂತ
ಯಾವ ಹುಡುಗನೂ ಕೇಳಲಿಲ್ಲ. ನಾನೂ.

ಮೊದಲ ಅಂಗಡಿಯವ ಲಾರಿಯದೊಂದು ಇಳಿಸಿದ,
ನಾಲ್ಕು ಸಾಲು ಕೊಳವೆ, ದಿಂಬಿನಷ್ಟು ದಪ್ಪ.
ಎರಡನೆಯದು ಅಲ್ಯುಮಿನಿಯಮ್ಮು,
ಬೆಲೆ ಕೇಳಿ, ಅದರ ಮುಂದೆ ನಿಂತು
ತಲೆಗೂದಲು ಸರಿಮಾಡಿಕೊಂಡು ಬಂದೆ.
ಎಸ್ಟೀಮಿನದೇ ಒಂದು ಸಿಕ್ಕಿತು, ಪ್ಲಾಸ್ಟಿಕ್ ತೊಟ್ಟಿಯ ಅಂಚಿಗೆ ಎಳೆಬಿರುಕು.
ಫೋನಿನಲ್ಲಿ ಗುರುಪಾದ ಒಂದೇ ಸಮನೆ:
"ದಪ್ಪಂದ ತಗೋರಿ ಅಕ್ಕಾರ, ದಪ್ಪಂದ!"

ಓಣಿಯ ತುದಿಗೆ ನಸೀಮಾಬಿ.
ಬ್ಲೋಲ್ಯಾಂಪಿನ ನೀಲಿ ನಾಲಗೆ, ತವರದ ಸರಿಗೆ,
ಎಂದೋ ಸುಟ್ಟ ಅರ್ಧ ಹುಬ್ಬು ಮತ್ತೆ ಬಂದಿಲ್ಲ.
ಚೀಟಿ ನೋಡಲೇ ಇಲ್ಲ.
ಮೂಲೆಯಿಂದ ದಪ್ಪನೆಯದೊಂದನ್ನು ಎತ್ತಿ
ನನ್ನ ಮುಖಕ್ಕೆ ಹಿಡಿದಳು: ಊದು.
ಊದಿದೆ. ಆಚೆಗಿದ್ದ ಅವಳಿಗೆ ಏನೂ ತಲುಪಲಿಲ್ಲ.
ಆಮೇಲೆ ತೆಳ್ಳನೆಯದು, ಎರಡೇ ಸಾಲು, ಮೊರದಷ್ಟು ಅಗಲ.
ಊದಿದೆ.
ಉಳಿದ ಹುಬ್ಬು ಅಲುಗಿತು.
"ಪಾಣೀ ನಕೋ ಬಘೂ, ವಾರಾ ಬಘ."
ನೀರಿನ ಲೆಕ್ಕ ಬಿಡು, ಗಾಳಿ ಹಾಯ್ತದಾ ನೋಡು.

ಜಿಪ್ಸಿಯದಂತೆ. ಹಿತ್ತಾಳೆ. ಎರಡು ಸಾವಿರದ ಎಂಟುನೂರು,
ತಪ್ಪು ಮಗ್ಗುಲಿಗಿದ್ದ ಮೂತಿಯನ್ನು ಕಿತ್ತು
ಸರಿ ಮಗ್ಗುಲಿಗೆ ಬೆಸೆದದ್ದೂ ಸೇರಿ.

ಗುರುಪಾದ ಗೊಣಗಿದ, ಗೊಣಗುತ್ತಲೇ ಪಟ್ಟಿ ಕೊಯ್ದ.
ಫ್ಯಾನಿನ ಸುತ್ತ ಕವಚ ಬೇಕು, ಇಲ್ಲದಿದ್ದರೆ
ತಾನು ಉಗುಳಿದ ಗಾಳಿಯನ್ನೇ ತಾನು ಕುಡಿಯುತ್ತದೆ
ಅಂತ ನಾನಂದೆ. ಲ್ಯಾಬಿನ ಮಾತಲ್ಲ, ನಸೀಮಾಬಿಯದು.
ಹದಿನೈದು ಕಿಲೋದ ಶೇಂಗಾ ಎಣ್ಣೆ ಡಬ್ಬಿ ಸೀಳಿ
ಬಗ್ಗಿಸಿ ತಂದ, ಅಕ್ಷರ ಒಳಮುಖ ಮಾಡಿ.
ನಾಲ್ಕು ಬೆರಳಿನಲ್ಲಿ ಅರ್ಧ ಬೆರಳು ಉಳಿಯಿತು.

ಸ್ವಾರಗೇಟ್ ಸಿಗ್ನಲ್ಲು, ಮಧ್ಯಾಹ್ನ ಎರಡು.
ಮುಂದೆ ಬಸ್ಸಿನ ಹಿಂಭಾಗ, ಅದರ ಉಸಿರೆಲ್ಲ ನಮ್ಮ ಮೇಲೆ.
ಮುಳ್ಳು ಅರ್ಧ ದಾಟಿತು.
ಇನ್ನೊಂದು ಗೆರೆ ದಾಟಿತು.
ಗುರುಪಾದ ಕೀಲಿಗೆ ಕೈ ಹಾಕಿದ.
ತಡಿ, ಅಂದೆ.

ಟಕ್.
ಫ್ಯಾನು ಎದ್ದಿತು.
ಗಾಳಿ ಗ್ರಿಲ್ಲಿನಿಂದ ಒಳಗೆ ಬರುವ ಸದ್ದು ಕೇಳಿಸಿತು,
ಬಾಗಿಲ ಸಂದಿಯಲ್ಲಿ ಯಾರೋ ಸೀರೆ ಎಳೆದುಕೊಂಡು ಹೋದ ಹಾಗೆ.
ಮುಳ್ಳು ನಿಂತಿತು. ಯೋಚಿಸಿತು.
ಒಂದು ಕೂದಲಷ್ಟು ಹಿಂದೆ ಬಂತು.

ಕಾದ ತಗಡಿನಿಂದ ಶೇಂಗಾ ಎಣ್ಣೆಯ ವಾಸನೆ
ಕಾರಿನ ತುಂಬ.
ಹಸಿರು ಬಿತ್ತು.
ಅಕ್ಕಾರ, ಎಲ್ಲೆರೆ ಭಜಿ ಸಿಗತಾವೇನ್ರಿ, ಅಂದ ಗುರುಪಾದ.