ಸ್ಟೇಜು

ಹತ್ತರಲ್ಲಿ ಎಷ್ಟು ಎಂದು ಕೇಳುವುದಿಲ್ಲ ನಾನು.
ಮಡಿಕೇರಿ-ವಿರಾಜಪೇಟೆ ನಡುವೆ
ಮೂವತ್ತು ವರ್ಷ ಟಿಕೆಟ್ ಹರಿದ ಮೇದಪ್ಪನಿಗೆ
ನೋವೂ ಒಂದು ರೂಟು.

ಮೊದಲ ಸಲ ಹೋದಾಗ
ಗೋಡೆಗೆ ಮುಖ, ಹಲ್ಲಿನಲ್ಲಿ ಟವೆಲಿನ ತುದಿ.
“ವಿರಾಜಪೇಟೆ, ಸಿಸ್ಟರ್. ಇಳಿಯೋಕೆ ಬಿಡ್ತಿಲ್ಲ.”

ನಾಲ್ಕು ಗಂಟೆಗೊಮ್ಮೆ ಮಾರ್ಫಿನ್,
ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್,
ದೇಚಮ್ಮನಿಗೆ ಮಗ್ಗುಲು ಬದಲಿಸುವ ಪಾಠ.

ಈ ಗುರುವಾರ ಬೇತ್ರಿ ಸೇತುವೆಗೂ ಹಿಂದೆ,
ಮೂರ್ನಾಡು.
ಅರ್ಧ ಕಡಂಬುಟ್ಟು ತಿಂದನಂತೆ,
ಪಂದಿಕರಿಗೆ ಕಾಚಂಪುಳಿ ಸಾಲದೆಂದು
ಜಗಳ ಬೇರೆ.

ಕಡತದಲ್ಲಿ ಸ್ಟೇಜು ನಾಲ್ಕೇ.
ಆ ಬಸ್ಸಿಗೆ ರಿವರ್ಸ್ ಇಲ್ಲ, ಅವನಿಗೂ ಗೊತ್ತು.

ಚೀಲ ಹೆಗಲಿಗೇರಿಸಿದೆ.
ತಿರುವಿನಲ್ಲಿ ಸಂಜೆ ಬಸ್ಸಿನ ಹಾರ್ನ್.
“ನಿಮ್ಮದೇ” ಎಂದ.
ಕಿಟಕಿಯಾಚೆ ಕೈ ಚಾಚಿ,
ಇದ್ದ ಉಸಿರನ್ನೆಲ್ಲ ಕೂಡಿಸಿ,
“ಹೋಲ್ಡಾನ್!”

ಡ್ರೈವರಿಗೆ ಕೇಳಿಸಿರಲಾರದು.
ನಾನು ಓಡಿದೆ.